ಕಂಪನಿ ಕಳಿಸದೆ ತಾವಾಗಿಯೇ ಪರದೇಶಕ್ಕೆ ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಬೆಳಿಗ್ಗೆ ರಾಜಾಜಿನಗರದ ನಮ್ಮ ಮನೆಗೆ ಬರುವವರಲ್ಲಿ ಹೆಚ್ಚಿನವರು ಒಂದೇ ವಿಷಯ ಕೇಳಲು ಬರುತ್ತಾರೆ. ಪರಿಚಯದವರ ಮಗಳು, ಹಳೆಯ ಸಹೋದ್ಯೋಗಿಯ ತಮ್ಮ, ಕೆಲವೊಮ್ಮೆ ಮಗನನ್ನು ಕಳಿಸಲು ಮನಸ್ಸೊಪ್ಪದ ತಾಯಿ. ನಾನು ಪೀಣ್ಯದಲ್ಲಿ ಎಂಟು ವರ್ಷ ಯಂತ್ರ ವಿನ್ಯಾಸದ ಕೆಲಸ ಮಾಡಿದವಳು. 2016ರಲ್ಲಿ ನಾನಾಗಿಯೇ ಅರ್ಜಿ ಹಾಕಿ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಹೋದೆ, ಏಳು ವರ್ಷ ಇದ್ದು 2023ರಲ್ಲಿ ಮರಳಿದೆ. ಕೆಳಗಿನದು ಬಹುಪಾಲು ಆ ಒಂದು ದೇಶದ ಅನುಭವ. ಬೇರೆ ದೇಶಗಳ ನಿಯಮ ಗೊತ್ತಿರುವ ಕಡೆ ಅದನ್ನೂ ಸೇರಿಸಿದ್ದೇನೆ. ವೀಸಾ, ತೆರಿಗೆಯ ನಿಯಮಗಳು ಬದಲಾಗುತ್ತಲೇ ಇರುತ್ತವೆ. ಹೊರಡುವ ಮುನ್ನ ಆಯಾ ಸರ್ಕಾರದ ಜಾಲತಾಣದಲ್ಲಿ ಮತ್ತೊಮ್ಮೆ ನೋಡಿಕೊಳ್ಳಿ.

ಕಂಪನಿ ಕಳಿಸುವುದಕ್ಕೂ ನಾವಾಗಿಯೇ ಹೋಗುವುದಕ್ಕೂ ಅಷ್ಟೇನು ವ್ಯತ್ಯಾಸ?

ವಿಮಾನ ಒಂದೇ, ಇಳಿದ ಮೇಲಿನ ಬದುಕು ಬೇರೆ. ಕಂಪನಿ ಕಳಿಸಿದವರಿಗೆ ಸಾಮಾನ್ಯವಾಗಿ ಮೊದಲ ತಿಂಗಳ ವಸತಿ ಸಿದ್ಧವಿರುತ್ತದೆ, ವೀಸಾ ಕಾಗದ ನೋಡಿಕೊಳ್ಳಲು ಒಬ್ಬರಿರುತ್ತಾರೆ, ಮರಳಿದರೆ ಇಲ್ಲಿ ಒಂದು ಕುರ್ಚಿ ಕಾದಿರುತ್ತದೆ. ನಮಗೆ ಇವು ಯಾವುವೂ ಇಲ್ಲ. ಭವಿಷ್ಯ ನಿಧಿಯ ಲೆಕ್ಕವೂ ಬೇರೆಯೇ. ಭಾರತದ ಜೊತೆ ಸಾಮಾಜಿಕ ಭದ್ರತಾ ಒಪ್ಪಂದ ಮಾಡಿಕೊಂಡ ದೇಶಕ್ಕೆ ಕಂಪನಿಯೇ ಕಳಿಸಿದರೆ, ನೌಕರರ ಭವಿಷ್ಯ ನಿಧಿ ಸಂಸ್ಥೆ (ಇಪಿಎಫ್‌ಒ) ಕೊಡುವ ಪ್ರಮಾಣಪತ್ರ ತೋರಿಸಿ ಇಲ್ಲಿನ ಪಿಎಫ್ ಮುಂದುವರಿಸಬಹುದು, ಅಲ್ಲಿನ ಪಿಂಚಣಿ ವಂತಿಗೆ ಕಟ್ಟಬೇಕಾಗಿಲ್ಲ. ನಾವಾಗಿಯೇ ಹೋಗಿ ಅಲ್ಲಿನ ಕಂಪನಿಯ ನೌಕರರಾದರೆ ಈ ವಿನಾಯಿತಿ ಇಲ್ಲ. ಜರ್ಮನಿಯಲ್ಲಿ ಸಂಬಳದ ಶೇ 18.6ರಷ್ಟು ಪಿಂಚಣಿ ನಿಧಿಗೆ ಹೋಗುತ್ತದೆ, ಅದರಲ್ಲಿ ಅರ್ಧ ನಮ್ಮದು, ಅರ್ಧ ಮಾಲೀಕರದು. ಆ ದುಡ್ಡು ಹಾಳಾಗುವುದಿಲ್ಲ: 2017ರ ಮೇ ತಿಂಗಳಿಂದ ಜಾರಿಯಲ್ಲಿರುವ ಒಪ್ಪಂದದ ಪ್ರಕಾರ ಪಿಂಚಣಿಯ ಅರ್ಹತೆಗೆ ಎರಡೂ ದೇಶಗಳಲ್ಲಿ ದುಡಿದ ಅವಧಿಯನ್ನು ಕೂಡಿಸಿ ನೋಡುತ್ತಾರೆ. ಹಾಗಾಗಿ ಅಲ್ಲಿನ ಪಿಂಚಣಿ ಸಂಖ್ಯೆಯ ಕಾಗದವನ್ನು ಪಾಸ್‌ಪೋರ್ಟಿನಷ್ಟೇ ಜೋಪಾನ ಮಾಡಿ.

ಆಸರೆ ಇಲ್ಲದಿರುವುದರಲ್ಲಿ ಒಂದು ಒಳಿತೂ ಇದೆ. ಅಂಥವರು ಪಕ್ಕದವರ ಬಾಗಿಲು ತಟ್ಟಲೇಬೇಕಾಗುತ್ತದೆ. ನನ್ನ ಏಳು ವರ್ಷಗಳಲ್ಲಿ ಒಳ್ಳೆಯದಾದದ್ದು ಬಹುಪಾಲು ಹಾಗೆ ತಟ್ಟಿದ ಬಾಗಿಲುಗಳಿಂದ ಬಂದದ್ದು.

ಎಷ್ಟು ಹಣ ಕೂಡಿಟ್ಟುಕೊಂಡು ಹೊರಡಬೇಕು?

ನನ್ನ ಲೆಕ್ಕ ಎರಡು ಭಾಗದ್ದು. ಮೊದಲನೆಯದು, ಆ ಊರಿನಲ್ಲಿ ಆರು ತಿಂಗಳು ಸಂಬಳವಿಲ್ಲದೆ ಬಾಡಿಗೆ, ಊಟ, ವಿಮೆ ನಡೆಸುವಷ್ಟು. ಎರಡನೆಯದು, ನಾಳೆ ಬೆಳಿಗ್ಗೆಯೇ ಬೆಂಗಳೂರಿಗೆ ಹೊರಡಬೇಕಾದರೆ ಕೊಡಬೇಕಾದ ದುಬಾರಿ ಟಿಕೆಟಿನ ಹಣ. ಎರಡನೆಯದನ್ನು ಬೇರೆ ಖಾತೆಯಲ್ಲಿಡಿ, ಬೇರೆ ಯಾವುದಕ್ಕೂ ಮುಟ್ಟಬೇಡಿ. ನಾನು ಮೂರನೆಯ ವರ್ಷ ಅದನ್ನು ಬಳಸಬೇಕಾಯಿತು. ಆ ಕಥೆ ಕೆಳಗಿದೆ. ಸಾಲ ಮಾಡಿ ಹೊರಡುವುದಾದರೆ ಒಂದು ವರ್ಷ ತಡೆಯಿರಿ ಎನ್ನುತ್ತೇನೆ. ಕಂತಿನ ಭಯ ಇರುವವರು ಕೆಟ್ಟ ಕೆಲಸವನ್ನು ಬಿಡಲಾರರು, ಸಿಕ್ಕ ಸಂಬಳಕ್ಕೆ ತಲೆಯಾಡಿಸುತ್ತಾರೆ.

ಕೆಲಸ ಸಿಗದೆಯೇ ಹೋಗಿ ಅಲ್ಲಿ ಹುಡುಕಬಹುದೇ?

ಜರ್ಮನಿಗೆ ಹೋಗಬಹುದು. 2024ರ ಜೂನ್‌ನಲ್ಲಿ ‘ಶಾನ್ಸೆನ್‌ಕಾರ್ಟೆ’, ಅಂದರೆ ಅವಕಾಶದ ಚೀಟಿ, ಜಾರಿಗೆ ಬಂದಿದೆ. ಓದು, ಅನುಭವ, ಭಾಷೆ, ವಯಸ್ಸು ಇವಕ್ಕೆ ಅಂಕ ಕೊಡುತ್ತಾರೆ. ಕನಿಷ್ಠ 6 ಅಂಕ ಬೇಕು. ಒಂದು ವರ್ಷದವರೆಗೆ ಅಲ್ಲಿದ್ದು ಕೆಲಸ ಹುಡುಕಬಹುದು, ವಾರಕ್ಕೆ 20 ಗಂಟೆ ಅರೆಕಾಲಿಕ ದುಡಿಮೆಗೂ ಅವಕಾಶವಿದೆ, ಖರ್ಚಿಗೆ ಹಣವಿದೆ ಎಂದು ಮೊದಲೇ ತೋರಿಸಬೇಕು. ಆದರೂ ಇಲ್ಲಿಂದಲೇ ಅರ್ಜಿ ಹಾಕಿ, ನೇಮಕಾತಿ ಪತ್ರ ಕೈಗೆ ಬಂದ ಮೇಲೆ ‘ಬ್ಲೂ ಕಾರ್ಡ್’ ಎಂಬ ಉದ್ಯೋಗ ಮತ್ತು ವಾಸದ ಪರವಾನಗಿಯ ಮೇಲೆ ಹೋಗುವುದು ಮನಸ್ಸಿಗೆ ಹಗುರ. ನಿಮ್ಮ ಪದವಿಗೂ ಕಾಲೇಜಿಗೂ ಅಲ್ಲಿ ಮಾನ್ಯತೆ ಇದೆಯೇ ಎಂದು ‘ಅನಾಬಿನ್’ ಎಂಬ ಅಲ್ಲಿನ ಸರ್ಕಾರಿ ದತ್ತಾಂಶದಲ್ಲಿ ಮೊದಲು ನೋಡಿ. ನಾನು ಹದಿನಾಲ್ಕು ತಿಂಗಳು ಅರ್ಜಿ ಹಾಕಿದೆ. ಬಂದ ಉತ್ತರಗಳಲ್ಲಿ ಹೆಚ್ಚಿನವು ‘ಇಲ್ಲ’ ಎಂಬುವೇ. ಅದನ್ನು ಹೇಳುವುದೇಕೆಂದರೆ, ಮೂರನೆಯ ತಿಂಗಳಿಗೇ ಕೈಚೆಲ್ಲಿ ಕೂತವರನ್ನು ತುಂಬ ನೋಡಿದ್ದೇನೆ.

ಏಜೆಂಟರನ್ನು ನಂಬಬಹುದೇ?

ಒಂದು ಸಂಗತಿಯನ್ನು ಬಿಗಿಯಾಗಿ ಹಿಡಿದುಕೊಳ್ಳಿ. 1983ರ ವಲಸೆ ಕಾಯ್ದೆಯಡಿ ವಿದೇಶಿ ಉದ್ಯೋಗಕ್ಕೆ ಜನರನ್ನು ಕಳಿಸುವ ಏಜೆಂಟರು ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿಸಿಕೊಂಡಿರಲೇಬೇಕು, ಅವರ ಪಟ್ಟಿ ‘ಇ-ಮೈಗ್ರೇಟ್’ ಜಾಲತಾಣದಲ್ಲಿದೆ. ನೋಂದಾಯಿತ ಏಜೆಂಟರು ಕೂಡ ಪಡೆಯಬಹುದಾದ ಗರಿಷ್ಠ ಸೇವಾ ಶುಲ್ಕ ₹30,000 ಮತ್ತು ಜಿಎಸ್‌ಟಿ. ಮೂರು ಲಕ್ಷ, ಐದು ಲಕ್ಷ ಕೇಳುವವರು ಯಾರೇ ಆಗಿರಲಿ, ಎದ್ದು ಬನ್ನಿ.

2022ರಲ್ಲಿ ವಿದೇಶಾಂಗ ಸಚಿವಾಲಯ ಒಂದು ಎಚ್ಚರಿಕೆ ಹೊರಡಿಸಿತು. ಥಾಯ್ಲೆಂಡಿನಲ್ಲಿ ಒಳ್ಳೆಯ ಸಂಬಳದ ಐಟಿ ಕೆಲಸ ಎಂದು ಕರೆಸಿಕೊಂಡು, ಗಡಿ ದಾಟಿಸಿ ಮ್ಯಾನ್ಮಾರಿಗೆ ಒಯ್ದು, ಆನ್‌ಲೈನ್ ವಂಚನೆಯ ಕೂಟಗಳಲ್ಲಿ ಕೂಡಿಹಾಕಿ ದುಡಿಸುವ ಜಾಲದ ಬಗ್ಗೆ. ಅದರಲ್ಲಿ ಸಿಕ್ಕಿಬಿದ್ದವರು ಕಂಪ್ಯೂಟರ್ ಬಲ್ಲವರು, ಓದಿದವರು. ಪ್ರವಾಸಿ ವೀಸಾದ ಮೇಲೆ ‘ಮೊದಲು ಬನ್ನಿ, ಆಮೇಲೆ ಬದಲಿಸಿಕೊಳ್ಳೋಣ’ ಎಂದರೆ ಹೋಗಬೇಡಿ. ನಿಮ್ಮ ಮನೆಯಲ್ಲಿ ಯಾರಾದರೂ ಹತ್ತನೆಯ ತರಗತಿ ದಾಟದೆ ಕೊಲ್ಲಿ ದೇಶಗಳಿಗೆ ದುಡಿಯಲು ಹೊರಟಿದ್ದರೆ ಅವರ ಪಾಸ್‌ಪೋರ್ಟಿಗೆ ವಲಸೆ ತಪಾಸಣೆ ಬೇಕಾಗುತ್ತದೆ. ಅದನ್ನು ತಪ್ಪಿಸುವ ದಾರಿ ಹುಡುಕಬೇಡಿ, ಅದು ಅವರ ರಕ್ಷಣೆಗೆ ಇರುವುದು. ಅಲ್ಲಿ ತೊಂದರೆಯಾದರೆ ರಾಯಭಾರ ಕಚೇರಿಗೆ ದೂರು ಮುಟ್ಟಿಸಲು ಸಚಿವಾಲಯದ ‘ಮದದ್’ ಜಾಲತಾಣ 2015ರಿಂದ ಇದೆ.

ಭಾಷೆ ಎಷ್ಟು ಬರಬೇಕು? ಕಚೇರಿಯಲ್ಲಿ ಇಂಗ್ಲಿಷ್ ಸಾಕು ಎನ್ನುತ್ತಾರಲ್ಲ?

ಕಚೇರಿಯಲ್ಲಿ ಸಾಕಾಗಬಹುದು. ಆದರೆ ಬದುಕು ಕಚೇರಿಯಲ್ಲಿ ನಡೆಯುವುದಿಲ್ಲ. ಆಸ್ಪತ್ರೆಯ ಕಿಟಕಿ, ಮನೆ ಮಾಲೀಕರ ಕಾಗದ, ರೈಲು ರದ್ದಾದಾಗ ಧ್ವನಿವರ್ಧಕದಲ್ಲಿ ಬರುವ ಒಂದು ಸಾಲು, ಇವೆಲ್ಲ ಅವರ ಭಾಷೆಯಲ್ಲಿ. ನಾನು ಪೀಣ್ಯದಿಂದ ಎರಡು ಬಸ್ ಬದಲಿಸಿ ಇಂದಿರಾನಗರದ ಸಿಎಂಎಚ್ ರಸ್ತೆಯಲ್ಲಿರುವ ಜರ್ಮನ್ ಕಲಿಸುವ ಮ್ಯಾಕ್ಸ್ ಮುಲ್ಲರ್ ಭವನಕ್ಕೆ ಹೋಗಿ ಭಾಷೆಯ ಮೊದಲೆರಡು ಹಂತಗಳಾದ ಎ1, ಎ2 ಮುಗಿಸಿದೆ, ಮೂರನೆಯದಾದ ಬಿ1 ಅನ್ನು ಜರ್ಮನಿಗೆ ಹೋದ ಮೇಲೆ ಮಾಡಿದೆ. ಬ್ಲೂ ಕಾರ್ಡ್ ಇರುವವರಿಗೆ ಬಿ1 ಇದ್ದರೆ 21 ತಿಂಗಳಿಗೆ ಕಾಯಂ ವಾಸದ ಪರವಾನಗಿಗೆ ಅರ್ಜಿ ಹಾಕಬಹುದು, ಎ1 ಮಾತ್ರ ಇದ್ದರೆ ಈಗಿನ ನಿಯಮದಲ್ಲಿ 27 ತಿಂಗಳು ಕಾಯಬೇಕು. ಆರು ತಿಂಗಳ ವ್ಯತ್ಯಾಸ ಚಿಕ್ಕದಲ್ಲ.

ಕಲಿತು ಹೋದರೂ ಮೊದಲ ವಾರ ಒಂದು ಮಾತೂ ಅರ್ಥವಾಗಲಿಲ್ಲ. ಸ್ಟುಟ್‌ಗಾರ್ಟಿನವರು ಆಡುವುದು ಶ್ವಾಬಿಯನ್ ಎಂಬ ಪ್ರಾದೇಶಿಕ ನುಡಿ. ಪಠ್ಯಪುಸ್ತಕದ ಕನ್ನಡ ಕಲಿತು ನೇರ ಧಾರವಾಡದ ಸಂತೆಯಲ್ಲಿ ಇಳಿದರೆ ಹೇಗೋ ಹಾಗೆ. ಗಾಬರಿ ಬೇಡ, ಮೂರು ತಿಂಗಳಲ್ಲಿ ಕಿವಿ ಪಳಗುತ್ತದೆ.

ಇನ್ನೊಂದು ಮಾತು. ಬೆಂಗಳೂರಿಗೆ ಬಂದು ಹತ್ತು ವರ್ಷ ಕಳೆದರೂ ಎರಡು ಮಾತು ಕನ್ನಡ ಕಲಿಯದವರನ್ನು ಕಂಡರೆ ನಮಗೆ ನೋವಾಗುತ್ತದೆ. ತಪ್ಪುತಪ್ಪಾಗಿಯಾದರೂ ‘ಸ್ವಲ್ಪ ನೀರು ಕೊಡಿ’ ಎಂದವರನ್ನು ಕಂಡರೆ ಮನಸ್ಸು ಅರಳುತ್ತದೆ. ಅಲ್ಲಿಯವರಿಗೂ ಅಷ್ಟೇ. ನಮಗೆ ಒಂದು ಅನುಕೂಲವೂ ಇದೆ. ಜರ್ಮನ್ನಿನ ‘ಡು’ ಮತ್ತು ‘ಜೀ’ ಇಂಗ್ಲಿಷಿನವರನ್ನು ಗೋಳು ಹೊಯ್ದುಕೊಳ್ಳುತ್ತವೆ. ನಮಗೆ ಅವು ನೀನು ಮತ್ತು ನೀವು. ದೇವರನ್ನು ಅವರೂ ಏಕವಚನದಲ್ಲೇ ಕರೆಯುತ್ತಾರೆ ಎಂದು ತಿಳಿದ ದಿನ ನನಗೆ ಆ ಭಾಷೆ ಹತ್ತಿರವಾಯಿತು.

ಹೊರಡುವ ಮುನ್ನ ಬೆಂಗಳೂರಿನಲ್ಲಿ ಯಾವ ಕಾಗದದ ಕೆಲಸ ಮುಗಿಸಬೇಕು?

ಬ್ಯಾಂಕಿನದನ್ನು ಹೆಚ್ಚಿನವರು ಮರೆಯುತ್ತಾರೆ. ಉದ್ಯೋಗಕ್ಕೆ ಹೊರದೇಶಕ್ಕೆ ಹೋದ ಮೇಲೆ ಇಲ್ಲಿನ ಸಾಮಾನ್ಯ ಉಳಿತಾಯ ಖಾತೆಯನ್ನು ಹಾಗೆಯೇ ನಡೆಸುವಂತಿಲ್ಲ. ವಿದೇಶಿ ವಿನಿಮಯದ ಫೆಮಾ ಕಾಯ್ದೆಯ ಪ್ರಕಾರ ಅದನ್ನು ಅನಿವಾಸಿಗಳ ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು. ಇಲ್ಲಿನ ಬಾಡಿಗೆ, ಬಡ್ಡಿ ಅದಕ್ಕೆ ಬರಲಿ. ಅಲ್ಲಿಂದ ಕಳಿಸುವ ಸಂಪಾದನೆಗೆ ಎನ್‌ಆರ್‌ಇ ಖಾತೆ ತೆರೆಯಿರಿ, ಅದರ ಬಡ್ಡಿಗೆ ಇಲ್ಲಿ ಆದಾಯ ತೆರಿಗೆ ಇಲ್ಲ. ಪಿಪಿಎಫ್ ಖಾತೆ ಇದ್ದರೆ ಅವಧಿ ಮುಗಿಯುವವರೆಗೆ ಕಟ್ಟಬಹುದು, ಅನಿವಾಸಿಯಾದ ಮೇಲೆ ಹೊಸದು ತೆರೆಯಲಾಗದು.

ಹೊರಡುವ ದಿನವೂ ಮುಖ್ಯ. ಕೆಲಸಕ್ಕೆಂದು ಹೊರಡುವ ಆರ್ಥಿಕ ವರ್ಷದಲ್ಲಿ ಭಾರತದಲ್ಲಿ 182 ದಿನಕ್ಕಿಂತ ಕಡಿಮೆ ಇದ್ದರೆ ಆ ವರ್ಷ ನೀವು ತೆರಿಗೆಯ ಲೆಕ್ಕದಲ್ಲಿ ಅನಿವಾಸಿ. ಅಂದರೆ ಸೆಪ್ಟೆಂಬರ್ ಕೊನೆಯ ವಾರದ ಒಳಗೆ ಹೊರಟವರಿಗೂ ಅಕ್ಟೋಬರಿನಲ್ಲಿ ಹೊರಟವರಿಗೂ ಲೆಕ್ಕ ಬೇರೆಯಾಗುತ್ತದೆ. ಒಬ್ಬ ಲೆಕ್ಕಪರಿಶೋಧಕರನ್ನು ಒಂದು ಗಂಟೆ ಕೂಡಿಸಿಕೊಂಡು ಕೇಳಿ. ಆ ಒಂದು ಗಂಟೆಯ ಶುಲ್ಕ ಉಳಿಸಲು ಹೋಗಿ ನಾನು ಎರಡು ವರ್ಷ ತಿದ್ದುಪಡಿಯ ಓಡಾಟ ಮಾಡಿದೆ.

ಮತದ ಹಕ್ಕು ಹೋಗುವುದಿಲ್ಲ. ಭಾರತದ ಪೌರತ್ವ ಇರುವವರೆಗೆ ನಮೂನೆ 6ಎ ಸಲ್ಲಿಸಿ ಪಾಸ್‌ಪೋರ್ಟಿನಲ್ಲಿರುವ ವಿಳಾಸದ ಕ್ಷೇತ್ರದಲ್ಲಿ ಹೆಸರು ಉಳಿಸಿಕೊಳ್ಳಬಹುದು. ಆದರೆ ಮತಗಟ್ಟೆಗೆ ನೀವೇ ಬರಬೇಕು.

ಸೂಟ್‌ಕೇಸಿನಲ್ಲಿ ಏನು ಒಯ್ಯಬೇಕು?

ಹುಳಿಪುಡಿ, ಸಾರಿನಪುಡಿ, ಪುಟ್ಟ ಕುಕ್ಕರ್, ಅದರ ಎರಡು ಹೆಚ್ಚುವರಿ ಗ್ಯಾಸ್ಕೆಟ್. ರಾಗಿಹಿಟ್ಟು ದೊಡ್ಡ ಊರುಗಳ ಭಾರತೀಯ ಅಂಗಡಿಗಳಲ್ಲಿ ಸಿಗುತ್ತದೆ. ತುಪ್ಪ, ಪೇಡ, ಹಾಲಿನ ಸಿಹಿ ಒಯ್ಯಬೇಡಿ: ಹೊರದೇಶದ ಹಾಲು, ಮಾಂಸದ ಪದಾರ್ಥಗಳನ್ನು ಪ್ರಯಾಣಿಕರು ಐರೋಪ್ಯ ಒಕ್ಕೂಟದೊಳಗೆ ತರುವಂತಿಲ್ಲ. ಅಮ್ಮ ಕಟ್ಟಿಕೊಟ್ಟ ಕರಿಬೇವೂ ಅಷ್ಟೇ. 2019ರ ಡಿಸೆಂಬರ್‌ನಿಂದ ಹಸಿ ಸೊಪ್ಪು, ತರಕಾರಿ, ಹಣ್ಣಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ವಿನಾಯಿತಿ ಇರುವುದು ಬಾಳೆಹಣ್ಣು, ತೆಂಗಿನಕಾಯಿ, ಅನಾನಸ್, ಖರ್ಜೂರ, ದುರಿಯನ್ ಈ ಐದಕ್ಕೆ ಮಾತ್ರ. ಕರಿಬೇವನ್ನು ಒಣಗಿಸಿ ಪುಡಿ ಮಾಡಿ ಒಗ್ಗರಣೆ ಪುಡಿಯೊಳಗೆ ಸೇರಿಸಿ ಒಯ್ಯುವುದು ನಮ್ಮ ಮನೆಯ ಉಪಾಯ. ಒಗ್ಗರಣೆ ಹಾಕುವಾಗ ಅಡುಗೆಮನೆಯ ಬಾಗಿಲು ಮುಚ್ಚಿ ಕಿಟಕಿ ತೆರೆಯಿರಿ. ಮನೆಗಳಲ್ಲಿ ಹೊಗೆ ಪತ್ತೆ ಮಾಡುವ ಗಂಟೆ ಕಡ್ಡಾಯ, ಸಾಸಿವೆ ಸಿಡಿದ ಹೊಗೆಗೂ ಅದು ಕೂಗುತ್ತದೆ.

ಮನೆ ಸುಲಭವಾಗಿ ಸಿಗುತ್ತದೆಯೇ?

ಸಿಗುವುದಿಲ್ಲ. ಇದೇ ಮೊದಲ ದೊಡ್ಡ ಪರೀಕ್ಷೆ.

ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಕೇಳುವ ಮಾಲೀಕರನ್ನು ನೋಡಿದ ನಮಗೆ ಅಲ್ಲಿನ ಕಾನೂನು ಕೇಳಲು ಹಿತ: ಠೇವಣಿ ಮೂರು ತಿಂಗಳ ‘ತಣ್ಣನೆಯ ಬಾಡಿಗೆ’ಗಿಂತ ಹೆಚ್ಚಿರುವಂತಿಲ್ಲ. ತಣ್ಣನೆಯದು ಎಂದರೆ ಮನೆಗೆ ಮಾತ್ರ; ಮನೆ ಬೆಚ್ಚಗಿಡುವ ವ್ಯವಸ್ಥೆ, ನೀರು, ಕಸದ ಖರ್ಚು ಸೇರಿದರೆ ಅದು ‘ಬೆಚ್ಚಗಿನ ಬಾಡಿಗೆ’. ಜಾಹೀರಾತಿನಲ್ಲಿ ಯಾವುದನ್ನು ಬರೆದಿದ್ದಾರೆ ನೋಡಿಕೊಳ್ಳಿ. ಇನ್ನೊಂದು ಆಶ್ಚರ್ಯ ಕಾದಿದೆ: ಎಷ್ಟೋ ಬಾಡಿಗೆ ಮನೆಗಳಲ್ಲಿ ಅಡುಗೆಮನೆ ಎಂದರೆ ನಾಲ್ಕು ಗೋಡೆ ಮತ್ತು ಒಂದು ನಲ್ಲಿಯ ಕೊಳವೆ. ಕಟ್ಟೆ, ಒಲೆ, ತೊಟ್ಟಿ ಎಲ್ಲ ನೀವೇ ಹಾಕಿಸಬೇಕು.

ಮನೆ ಮಾಲೀಕರು ಕೇಳುವುದು ಅಲ್ಲಿನ ಸಾಲದ ಚರಿತ್ರೆಯ ಕಾಗದ, ಮೂರು ತಿಂಗಳ ಸಂಬಳದ ಚೀಟಿ. ಹೊಸಬರ ಬಳಿ ಎರಡೂ ಇಲ್ಲ. ಮನೆಗೆ ಸೇರಿದ ಎರಡು ವಾರದೊಳಗೆ ನಗರದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮಾಲೀಕರ ಸಹಿ ಬೇಕು. ಆ ನೋಂದಣಿ ಆದರೇ ತೆರಿಗೆ ಸಂಖ್ಯೆ ಬರುವುದು. ಅದು ಇಲ್ಲದಿದ್ದರೆ ಸಂಬಳದಿಂದ ಅತಿ ಹೆಚ್ಚಿನ ದರದಲ್ಲಿ ತೆರಿಗೆ ಹಿಡಿಯಬಹುದು. ಒಂದಕ್ಕೆ ಇನ್ನೊಂದು ಗಂಟು. ಆದ್ದರಿಂದ ಮೊದಲ ಮೂರು ತಿಂಗಳಿಗೆ, ದುಬಾರಿಯಾದರೂ ಸರಿ, ವಿಳಾಸ ನೋಂದಣಿಗೆ ಸಹಿ ಹಾಕಿಕೊಡುವ ಸಜ್ಜುಗೊಂಡ ಕೋಣೆ ಹಿಡಿಯಿರಿ. ಮನೆ ನೋಡದೆ, ಬೀಗದ ಕೈ ಅಂಚೆಯಲ್ಲಿ ಕಳಿಸುತ್ತೇವೆ ಎನ್ನುವವರಿಗೆ ಒಂದು ಯೂರೊ ಕೂಡ ಕಳಿಸಬೇಡಿ. ನಾನು ಕಳಿಸಿ ಕಳೆದುಕೊಂಡವಳು.

ಕೊನೆಗೆ ನನಗೆ ಮನೆ ಸಿಕ್ಕಿದ್ದು ಸಹೋದ್ಯೋಗಿಯೊಬ್ಬರಿಂದ. ಊಟದ ಮೇಜಿನಲ್ಲಿ ‘ನನಗೆ ಮನೆ ಸಿಗುತ್ತಿಲ್ಲ, ಸಹಾಯ ಮಾಡುವಿರಾ’ ಎಂದು ನೇರವಾಗಿ ಕೇಳಿದ ಒಂಬತ್ತನೆಯ ದಿನ. ಅದಕ್ಕೆ ಮುಂಚಿನ ಎರಡು ತಿಂಗಳು ನಾನು ಯಾರಲ್ಲೂ ಕೇಳಿರಲಿಲ್ಲ.

ಸಂಬಳ ಕೈಗೆ ಎಷ್ಟು ಬರುತ್ತದೆ?

ನೇಮಕಾತಿ ಪತ್ರದಲ್ಲಿರುವುದು ಒಟ್ಟು ಸಂಬಳ. ಒಬ್ಬರೇ ಇರುವವರಿಗೆ ತೆರಿಗೆ, ಆರೋಗ್ಯ ವಿಮೆ, ಪಿಂಚಣಿ, ನಿರುದ್ಯೋಗ ವಿಮೆ ಕಳೆದು ಸುಮಾರು ಅರವತ್ತರಿಂದ ಅರವತ್ತೈದರಷ್ಟು ಶೇಕಡಾ ಉಳಿಯುತ್ತದೆ ಎಂದು ಲೆಕ್ಕ ಹಾಕಿ. ಪ್ರತಿ ವಸ್ತುವಿನ ಬೆಲೆಯನ್ನೂ ರೂಪಾಯಿಗೆ ಗುಣಿಸುವುದನ್ನು ಮೂರನೆಯ ತಿಂಗಳಿಗೆ ಬಿಡಿ. ಇಲ್ಲದಿದ್ದರೆ ಚಳಿಗಾಲಕ್ಕೆ ಒಳ್ಳೆಯ ಬೂಟು ಕೊಳ್ಳದೆ ಕಾಲು ನೋಯಿಸಿಕೊಳ್ಳುತ್ತೀರಿ.

ಕಚೇರಿಯಲ್ಲಿ ಎಲ್ಲಕ್ಕಿಂತ ಕಷ್ಟವಾದದ್ದು ಯಾವುದು?

‘ಆಯಿತು’ ಎಂಬ ಮಾತು.

ಮೊದಲ ತಿಂಗಳು ನಮ್ಮ ವಿಭಾಗದ ಹಿರಿಯರು ಒಂದು ನಕ್ಷೆ ತೋರಿಸಿ ಗುರುವಾರಕ್ಕೆ ಮುಗಿಯುತ್ತದೆಯೇ ಎಂದರು. ಆಯಿತು ಎಂದೆ. ಪೀಣ್ಯದಲ್ಲಿ ಆಯಿತು ಎಂದರೆ ‘ನಿಮ್ಮ ಮಾತು ಕಿವಿಗೆ ಬಿತ್ತು, ಕೈಲಾದಷ್ಟು ನೋಡುತ್ತೇನೆ’ ಎಂದು ಹೇಳಿದವರಿಗೂ ಕೇಳಿದವರಿಗೂ ಗೊತ್ತು. ಅಲ್ಲಿ ಅದು ಕೊಟ್ಟ ಮಾತು. ಮಂಗಳವಾರವೇ ನನಗೆ ಆಗುವುದಿಲ್ಲವೆಂದು ತಿಳಿದಿತ್ತು, ರಾತ್ರಿ ಹನ್ನೊಂದರವರೆಗೆ ಕೂತು ಮುಗಿಸಲು ನೋಡಿದೆ, ಗುರುವಾರ ಅರ್ಧ ನಕ್ಷೆ ಹಿಡಿದು ಹೋದೆ. ಅವರು ತಡವಾದದ್ದಕ್ಕೆ ಬೇಸರಿಸಲಿಲ್ಲ. ‘ಮಂಗಳವಾರ ಏಕೆ ಹೇಳಲಿಲ್ಲ?’ ಎಂದು ಮಾತ್ರ ಕೇಳಿದರು. ಉತ್ತರ ನನ್ನಲ್ಲಿರಲಿಲ್ಲ. ಆಗುವುದಿಲ್ಲ ಎಂದು ಹಿರಿಯರಿಗೆ ಹೇಳುವುದು ಅವಿನಯ ಎಂದು ನಾನು ಬೆಳೆದಿದ್ದೆ. ಹೇಳದಿರುವುದು ಅವಿನಯ ಎಂದು ಅವರು ಬೆಳೆದಿದ್ದರು.

ಎರಡನೆಯದು, ನೇರ ಟೀಕೆ. ಸಭೆಯಲ್ಲಿ ಎಲ್ಲರ ಎದುರು ‘ಈ ಬೇರಿಂಗ್ ಆಯ್ಕೆ ತಪ್ಪು’ ಎನ್ನುತ್ತಾರೆ. ಮುಂದೆ ಪೀಠಿಕೆ ಇಲ್ಲ, ಹಿಂದೆ ಸಮಾಧಾನವಿಲ್ಲ. ಮೊದಲ ಸಲ ಶೌಚಾಲಯಕ್ಕೆ ಹೋಗಿ ಅತ್ತೆ. ಅದೇ ವ್ಯಕ್ತಿ ಹತ್ತು ನಿಮಿಷಕ್ಕೆ ಬಂದು ಕಾಫಿಗೆ ಕರೆದರು. ತಪ್ಪು ಎಂದದ್ದು ಬೇರಿಂಗಿಗೆ, ನನಗಲ್ಲ ಎಂದು ಹೊಟ್ಟೆಗೆ ಇಳಿಯಲು ಒಂದು ವರ್ಷ ಹಿಡಿಯಿತು. ಇಳಿದ ಮೇಲೆ ಅದಕ್ಕಿಂತ ಹಗುರವಾದ ಕೆಲಸದ ವಾತಾವರಣ ನನಗೆ ಎಲ್ಲೂ ಸಿಕ್ಕಿಲ್ಲ.

ಸಂಜೆ ಕೆಲಸ ಮುಗಿದ ಮೇಲಿನ ಹೊತ್ತಿಗೆ ಅವರು ‘ಫೈರ್‌ಆಬೆಂಡ್’ ಎನ್ನುತ್ತಾರೆ. ಆ ಹೊತ್ತು ಅವರದು. ಆಗ ಫೋನ್ ಮಾಡಬೇಡಿ, ನೀವೂ ಕಚೇರಿಯಲ್ಲಿ ಕೂತಿರಬೇಡಿ. ತಡವಾಗಿ ಕೂತರೆ ಶ್ರದ್ಧೆ ಎಂದು ಯಾರೂ ತಿಳಿಯುವುದಿಲ್ಲ, ಕೆಲಸ ಹಂಚಿಕೊಳ್ಳಲು ಬರುವುದಿಲ್ಲ ಎಂದುಕೊಳ್ಳುತ್ತಾರೆ. ವಾರಕ್ಕೆ ಐದು ದಿನ ದುಡಿಯುವವರಿಗೆ ವರ್ಷಕ್ಕೆ ಕನಿಷ್ಠ 20 ದಿನ ಸಂಬಳ ಸಹಿತ ರಜೆ ಕಾನೂನಿನದು, ಎಷ್ಟೋ ಕಂಪನಿಗಳು ಹೆಚ್ಚು ಕೊಡುತ್ತವೆ. ರಜೆಯನ್ನು ಪೂರ್ತಿ ಬಳಸಿ.

ಕೆಲಸ ಬಿಡುವಾಗ ಲಿಖಿತ ಪ್ರಮಾಣಪತ್ರ ಪಡೆಯುವುದು ನಿಮ್ಮ ಹಕ್ಕು. ಅದರ ಭಾಷೆ ಸಂಕೇತದ್ದು. ಹೊಗಳಿದಂತೆ ಕಾಣುವ ಸಾಲು ಸಾಧಾರಣ ಅಂಕವಾಗಿರಬಹುದು. ‘ಯಾವಾಗಲೂ’, ‘ಸಂಪೂರ್ಣ’ ಎಂಬ ಪದಗಳು ಇವೆಯೇ ಇಲ್ಲವೇ ಎಂಬುದೇ ಅಲ್ಲಿ ಅಂಕ. ಸಹಿ ಆಗುವ ಮುನ್ನ ಅಲ್ಲಿಯವರೊಬ್ಬರಿಗೆ ತೋರಿಸಿ.

ಹೊಂದಿಕೊಳ್ಳಲು ಎಷ್ಟು ಕಾಲ ಬೇಕು?

1955ರಲ್ಲಿ ಲಿಸ್ಗಾರ್ಡ್ ಎಂಬ ನಾರ್ವೆಯ ಸಮಾಜವಿಜ್ಞಾನಿ, ಅಮೆರಿಕಕ್ಕೆ ಹೋಗಿಬಂದ ತನ್ನ ದೇಶದ ಫುಲ್‌ಬ್ರೈಟ್ ಎಂಬ ಅಮೆರಿಕದ ವಿದ್ಯಾರ್ಥಿವೇತನ ಪಡೆದ 200 ಮಂದಿ ವಿದ್ವಾಂಸರ ಅನುಭವವನ್ನು ಪರಿಶೀಲಿಸಿದ. ಆರು ತಿಂಗಳಿಗಿಂತ ಕಡಿಮೆ ಇದ್ದವರೂ ಹದಿನೆಂಟು ತಿಂಗಳಿಗಿಂತ ಹೆಚ್ಚು ಇದ್ದವರೂ ಚೆನ್ನಾಗಿ ಹೊಂದಿಕೊಂಡಿದ್ದರು, ನಡುವಿನವರು ಕಷ್ಟದಲ್ಲಿದ್ದರು. ಮೊದಲು ಏರು, ನಡುವೆ ತಗ್ಗು, ಮತ್ತೆ ಏರು. ಎಲ್ಲರ ಬದುಕೂ ಈ ಗೆರೆಯಂತೆ ಸಾಗುವುದಿಲ್ಲವೆಂದು ನಂತರದ ಸಂಶೋಧಕರು ತೋರಿಸಿದ್ದಾರೆ. ಆದರೆ ನನಗೆ ಆ ಗೆರೆ ಗೊತ್ತಿದ್ದದ್ದು ಉಪಕಾರವಾಯಿತು. ಎಂಟನೆಯ ತಿಂಗಳು ಎಲ್ಲ ಬಿಟ್ಟು ಬರೋಣ ಎನಿಸಿದಾಗ, ಇದು ನನ್ನೊಬ್ಬಳ ಸೋಲಲ್ಲ ಎಂದು ತಿಳಿದಿತ್ತು.

ಅದಕ್ಕಿಂತ ಉಪಯೋಗಕ್ಕೆ ಬಂದದ್ದು ಬ್ಲ್ಯಾಕ್ ಎಂಬ ಸಂಶೋಧಕರು ಮತ್ತು ಅವರ ಸಂಗಡಿಗರು ಮಾಡಿದ ವಿಂಗಡಣೆ: ಕೆಲಸಕ್ಕೆ ಒಗ್ಗುವುದು ಒಂದು, ದಿನನಿತ್ಯದ ಬದುಕಿಗೆ ಒಗ್ಗುವುದು ಇನ್ನೊಂದು, ಅಲ್ಲಿನ ಜನರೊಡನೆ ಬೆರೆಯುವುದು ಮತ್ತೊಂದು. ಮೂರೂ ಒಟ್ಟಿಗೆ ಆಗುವುದಿಲ್ಲ. ನನಗೆ ಕೆಲಸ ಒಗ್ಗಲು ಆರೇಳು ತಿಂಗಳು, ಅಂಗಡಿ, ರೈಲು, ಚಳಿಗೆ ಒಂದು ವರ್ಷ, ಜನರಿಗೆ ಮೂರು ವರ್ಷ ಬೇಕಾಯಿತು. ‘ಎಲ್ಲ ಸರಿಯಿದೆ, ಆದರೂ ಏಕೆ ಹೀಗೆ’ ಎಂದು ಕೊರಗುವವರು ಸಾಮಾನ್ಯವಾಗಿ ಮೂರನೆಯದರ ಹೊಸ್ತಿಲಲ್ಲಿ ನಿಂತಿರುತ್ತಾರೆ.

ಚಳಿಗಿಂತ ಕತ್ತಲೆ ಕಾಡುತ್ತದೆ ಎಂಬುದನ್ನೂ ಹೇಳಬೇಕು. ಡಿಸೆಂಬರಿನಲ್ಲಿ ಸ್ಟುಟ್‌ಗಾರ್ಟಿಗೆ ಎಂಟು ಗಂಟೆ ಚಿಲ್ಲರೆ ಬೆಳಕು, ಸಂಜೆ ನಾಲ್ಕೂವರೆಗೆ ಸೂರ್ಯ ಮುಳುಗುತ್ತಾನೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಹೊರಗೆ ನಡೆಯಿರಿ. ಮೈ ಸೋತು ಮನಸ್ಸು ಕುಗ್ಗಿದರೆ ವೈದ್ಯರನ್ನು ಕಾಣಿ, ವಿಟಮಿನ್ ಡಿ ಪರೀಕ್ಷೆ ಮಾಡಿಸಿ, ಮನಸ್ಸಿನ ವಿಷಯವನ್ನೂ ನಾಚದೆ ಹೇಳಿ.

ಅಲ್ಲಿನ ಜನ ಬಿಗುಮಾನದವರೇ? ನೆರೆಯವರು ಮಾತೇ ಆಡುವುದಿಲ್ಲವಂತೆ?

ನಾನೂ ಹಾಗೆಯೇ ಅಂದುಕೊಂಡಿದ್ದೆ. ರಾಜಾಜಿನಗರದಲ್ಲಿ ಎರಡು ದಿನ ಬಾಗಿಲು ತೆರೆಯದಿದ್ದರೆ ಎದುರು ಮನೆಯವರು ಬಂದು ‘ಹುಷಾರಿಲ್ಲವೇ?’ ಎನ್ನುತ್ತಾರೆ. ಬೇಡವೆಂದರೂ ಬರುತ್ತಾರೆ, ಕೇಳದಿದ್ದರೂ ಸಲಹೆ ಕೊಡುತ್ತಾರೆ. ಅಲ್ಲಿ ಐದು ದಿನ ಜ್ವರದಲ್ಲಿ ಮಲಗಿದ್ದೆ, ಯಾರೂ ಬರಲಿಲ್ಲ.

ಆ ಊರಿನಲ್ಲಿ ‘ಕೇರ್‌ವೋಖೆ’ ಎಂಬ ಹಳೆಯ ಪದ್ಧತಿ ಇದೆ. ಕಟ್ಟಡದ ಮೆಟ್ಟಿಲು, ಮುಂದಿನ ಕಾಲುದಾರಿಯನ್ನು ಒಂದೊಂದು ವಾರ ಒಂದೊಂದು ಮನೆಯವರು ಗುಡಿಸಿ ಒರೆಸಬೇಕು. ಸರದಿ ಬಂದವರ ಬಾಗಿಲಿಗೆ ಒಂದು ಪುಟ್ಟ ಹಲಗೆ ತೂಗುಹಾಕುತ್ತಾರೆ. ನನ್ನ ಬಾಗಿಲಲ್ಲಿ ಅದು ಒಂದು ವಾರ ತೂಗಿತು, ಅಲಂಕಾರದ ವಸ್ತುವೇನೋ ಎಂದು ಬಿಟ್ಟಿದ್ದೆ. ಶನಿವಾರ ಕೆಳಮನೆಯ ಅಜ್ಜಿ ಬಾಗಿಲು ತಟ್ಟಿ, ಮುಖ ಬಿಗಿದುಕೊಂಡು ಮೆಟ್ಟಿಲು ತೋರಿಸಿದರು. ನನ್ನ ಅರೆಬರೆ ಜರ್ಮನ್‌ನಲ್ಲಿ ‘ನನಗೆ ಗೊತ್ತಿಲ್ಲ, ದಯವಿಟ್ಟು ಹೇಳಿಕೊಡಿ’ ಎಂದೆ. ಅವರ ಮುಖವೇ ಬದಲಾಯಿತು. ಎಪ್ಪತ್ತು ದಾಟಿದವರು ಮನೆಗೆ ಹೋಗಿ ತಮ್ಮ ಪೊರಕೆ ತಂದು, ಮೇಲಿನ ಮೆಟ್ಟಿಲಿಂದ ಹೇಗೆ ಶುರು ಮಾಡಬೇಕು, ಮೂಲೆಯನ್ನು ಹೇಗೆ ಒರೆಸಬೇಕು, ಎಲ್ಲ ಮಾಡಿ ತೋರಿಸಿದರು. ಬೆಳಗಾಗೆದ್ದು ಬಾಗಿಲ ಮುಂದೆ ಗುಡಿಸಿ ನೀರು ಹಾಕಿ ರಂಗೋಲಿ ಇಡುವ ಮನೆಯಿಂದ ಬಂದವಳಿಗೆ ಪೊರಕೆ ಹಿಡಿಯುವುದನ್ನು ಹೇಳಿಕೊಡಬೇಕಾಗಿರಲಿಲ್ಲ. ಆದರೆ ಅವರ ಜೊತೆ ಮಾತಿಗೆ ಅದೇ ಮೊದಲ ದಾರಿಯಾಯಿತು.

ಮುಂದೆ ಆ ಅಜ್ಜಿಯೇ ನನ್ನ ಸರ್ಕಾರಿ ಪತ್ರಗಳನ್ನು ಓದಿ ಹೇಳುತ್ತಿದ್ದರು. ಒಮ್ಮೆ ಕೇಳಿಯೇಬಿಟ್ಟೆ, ಜ್ವರ ಬಂದಾಗ ನೀವು ಏಕೆ ಬರಲಿಲ್ಲ ಎಂದು. ‘ನೀನು ಕರೆಯಲಿಲ್ಲವಲ್ಲ. ಕರೆಯದೆ ಬರುವುದು ನಿನ್ನ ಮನೆಗೆ ಅಗೌರವ’ ಎಂದರು. ನಾನು ತಿರಸ್ಕಾರ ಎಂದುಕೊಂಡದ್ದು ಅವರ ಲೆಕ್ಕದಲ್ಲಿ ಮರ್ಯಾದೆ. ಅಲ್ಲಿ ಕರೆದರೆ ಬರುತ್ತಾರೆ, ಸಮಯಕ್ಕೆ ಸರಿಯಾಗಿ ಬರುತ್ತಾರೆ. ಕರೆಯುವುದನ್ನು ನಾವು ಕಲಿಯಬೇಕು. ನನ್ನನ್ನು ಕೇಳಲು ಬರುವ ಎಲ್ಲರಿಗೂ ನಾನು ಮೊದಲು ಹೇಳುವುದು ಇದನ್ನೇ, ವೀಸಾದ ಮಾತು ಆಮೇಲೆ.

ಕನ್ನಡದವರನ್ನೇ ಹುಡುಕಿಕೊಂಡು ಇದ್ದುಬಿಟ್ಟರೆ?

ಖಂಡಿತ ಹುಡುಕಿ. ಅಮೆರಿಕದಲ್ಲಿ ಕನ್ನಡ ಕೂಟಗಳ ಒಕ್ಕೂಟ ‘ಅಕ್ಕ’ ಇದೆ, ಬ್ರಿಟನ್ನಿನಲ್ಲಿ ಕನ್ನಡ ಬಳಗವಿದೆ, ಜರ್ಮನಿಯ ದೊಡ್ಡ ನಗರಗಳಲ್ಲೂ ಯುಗಾದಿ, ರಾಜ್ಯೋತ್ಸವ ನಡೆಸುವ ಗುಂಪುಗಳಿವೆ. ವಾರವೆಲ್ಲ ಪರಭಾಷೆಯಲ್ಲಿ ತಡವರಿಸಿದ ನಾಲಿಗೆಗೆ ಒಂದು ಸಂಜೆಯ ಕನ್ನಡ ಅನ್ನವಿದ್ದಂತೆ. ಆದರೆ ಎಲ್ಲ ಶನಿವಾರಗಳನ್ನೂ ಅಲ್ಲೇ ಕಳೆಯಬೇಡಿ. ತಿಂಗಳಲ್ಲಿ ಎರಡು ವಾರಾಂತ್ಯ ಆ ಊರಿನವರಿಗೆ ಇರಲಿ. ಊರಿನ ಸಂಘಗಳಲ್ಲಿ ಸೇರುವುದು ಒಳ್ಳೆಯ ದಾರಿ: ಚಾರಣ, ವಾದ್ಯಗೋಷ್ಠಿ, ತೋಟಗಾರಿಕೆ ಎಲ್ಲಕ್ಕೂ ಅಲ್ಲಿ ಸಂಘಗಳಿವೆ.

ಕೆಲಸ ಹೋದರೆ ಮರುದಿನವೇ ದೇಶ ಬಿಡಬೇಕೇ?

ಇಲ್ಲ, ಆದರೆ ಕೈಕಟ್ಟಿ ಕೂರುವಂತಿಲ್ಲ. ಅಮೆರಿಕದ ಎಚ್-1ಬಿ ವೀಸಾದವರಿಗೆ ಗರಿಷ್ಠ 60 ದಿನದ ಅವಕಾಶವಿದೆ. ಜರ್ಮನಿಯಲ್ಲಿ ಸುದ್ದಿ ತಿಳಿದ ಮೂರು ದಿನದೊಳಗೆ ಉದ್ಯೋಗ ಕಚೇರಿಗೆ ತಿಳಿಸಬೇಕು, ವಾಸ ಪರವಾನಗಿಯ ಕಚೇರಿಗೂ ಬರೆಯಬೇಕು. ಹಿಂದಿನ 30 ತಿಂಗಳಲ್ಲಿ 12 ತಿಂಗಳು ವಂತಿಗೆ ಕಟ್ಟಿದ್ದರೆ ನಿರುದ್ಯೋಗ ಭತ್ಯೆ ಬರುತ್ತದೆ, ನಿವ್ವಳ ಸಂಬಳದ ಶೇ 60, ಮಕ್ಕಳಿದ್ದರೆ ಶೇ 67. ಅದು ನೀವು ಕಟ್ಟಿದ ವಿಮೆಯ ಹಣ, ಭಿಕ್ಷೆಯಲ್ಲ. ಮೊದಲ ಆರು ತಿಂಗಳು ಪ್ರೊಬೇಷನ್ ಇದ್ದರೆ ಎರಡು ವಾರದ ನೋಟಿಸಿನಲ್ಲಿ ತೆಗೆಯಬಹುದು. ಆ ಅವಧಿಯಲ್ಲಿ ಕಾರು, ದೊಡ್ಡ ಸೋಫಾ ಕೊಳ್ಳಬೇಡಿ.

ಗಂಡ ಅಥವಾ ಹೆಂಡತಿ ಜೊತೆಗೆ ಬಂದರೆ?

ಬ್ಲೂ ಕಾರ್ಡ್ ಇರುವವರ ಸಂಗಾತಿಗೆ ಭಾಷಾ ಪರೀಕ್ಷೆ ಇಲ್ಲದೆಯೇ ವೀಸಾ ಸಿಗುತ್ತದೆ, ದುಡಿಯುವ ಹಕ್ಕೂ ಇದೆ. ಕಾಗದ ಸುಲಭ, ದಿನಗಳು ಕಷ್ಟ. ನಿಮಗೆ ಕಚೇರಿ ಇದೆ, ಅವರಿಗೆ ನಾಲ್ಕು ಗೋಡೆ. ಬಂದ ಮೊದಲ ವಾರವೇ ಅವರನ್ನು ಭಾಷಾ ತರಗತಿಗೆ ಸೇರಿಸಿ. ಅಡುಗೆಗೆಂದು ಕರೆದುಕೊಂಡು ಬಂದಂತೆ ನಡೆದುಕೊಂಡವರ ಮನೆಗಳು ಮುರಿದದ್ದನ್ನು ಕಣ್ಣಾರೆ ನೋಡಿದ್ದೇನೆ.

ಅಪ್ಪ ಅಮ್ಮನಿಗೆ ಏನಾದರೂ ಆದರೆ?

ಯಾರೂ ಜೋರಾಗಿ ಕೇಳದ, ಎಲ್ಲರೂ ಕೇಳಲೆಂದೇ ಬರುವ ಪ್ರಶ್ನೆ ಇದು. ಮೂರನೆಯ ವರ್ಷ ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ನನಗೆ ಅಲ್ಲಿ ನಸುಕಿನ ಎರಡು ಗಂಟೆ. ಎದುರು ಮನೆಯವರು ಆಸ್ಪತ್ರೆಗೆ ಸೇರಿಸಿ ಮುಂಗಡವನ್ನೂ ಕಟ್ಟಿದ್ದರು. ನಾನು ಒಂದೂವರೆ ಗಂಟೆ ರೈಲಿನಲ್ಲಿ ಫ್ರಾಂಕ್‌ಫರ್ಟಿಗೆ ಹೋಗಿ, ಮುಟ್ಟಬೇಡಿ ಎಂದು ಮೇಲೆ ಹೇಳಿದ ಆ ಹಣದಲ್ಲಿ ಟಿಕೆಟ್ ಕೊಂಡು ಹೊರಟೆ. ಆಸ್ಪತ್ರೆ ತಲುಪುವಾಗ ಶಸ್ತ್ರಚಿಕಿತ್ಸೆ ಮುಗಿದಿತ್ತು. ಅಪ್ಪ ಕಣ್ಣು ತೆರೆದು ‘ಕೆಲಸ ಬಿಟ್ಟು ಬಂದೆಯಾ’ ಎಂದರು.

ಆ ಎದುರು ಮನೆಯವರಿಗೆ ಹೊರಡುವ ಮುನ್ನವೇ ನಾನು ಒಂದು ಬೀಗದ ಕೈ, ವಿಮೆಯ ಕಾಗದದ ಪ್ರತಿ, ಅಪ್ಪನ ಔಷಧಿಗಳ ಪಟ್ಟಿ ಕೊಟ್ಟು, ಕೈ ಮುಗಿದು ಕೇಳಿಕೊಂಡಿದ್ದೆ. ನೀವೂ ಕೇಳಿಕೊಳ್ಳಿ, ಬಾಯಿಬಿಟ್ಟು ಕೇಳಿಕೊಳ್ಳಿ. ಹಿರಿಯರಿಗೆ ರಾಷ್ಟ್ರೀಯ ಸಹಾಯವಾಣಿ 14567 ಇದೆ, ಅದನ್ನು ಅವರ ಫೋನಿನಲ್ಲಿ ಬರೆದಿಡಿ. ಬಚ್ಚಲಿಗೆ ಹಿಡಿಕೆ ಹಾಕಿಸಿ. ಅದು ಒಂದು ದಿನದ ಕೆಲಸ, ನಾನು ಮೂರು ವರ್ಷ ಮುಂದೂಡಿದ್ದೆ.

ಮರಳಿ ಬಂದರೆ ಸುಲಭವೇ?

ಹೋದಾಗಿನಷ್ಟೇ ಕಷ್ಟ, ಆದರೆ ಯಾರೂ ಎಚ್ಚರಿಸುವುದಿಲ್ಲ. ತೆರಿಗೆಯಲ್ಲಿ ಒಂದು ಸೌಲಭ್ಯವಿದೆ: ದೀರ್ಘ ಕಾಲ ಹೊರಗಿದ್ದು ಮರಳಿದವರಿಗೆ ಮೊದಲ ಎರಡು ಮೂರು ವರ್ಷ ‘ಸಾಮಾನ್ಯ ನಿವಾಸಿಯಲ್ಲದ ನಿವಾಸಿ’ ಎಂಬ ಸ್ಥಾನ ಸಿಗಬಹುದು, ಆಗ ಹೊರದೇಶದ ಆದಾಯಕ್ಕೆ ಸಾಮಾನ್ಯವಾಗಿ ಇಲ್ಲಿ ತೆರಿಗೆ ಬೀಳುವುದಿಲ್ಲ. ಬ್ಯಾಂಕಿಗೆ ಮರಳಿದ ವಿಷಯ ತಿಳಿಸಿ, ಖಾತೆಗಳನ್ನು ಮತ್ತೆ ಬದಲಿಸಿ.

ಮನಸ್ಸಿಗೆ ಅಂಥ ಸೌಲಭ್ಯವಿಲ್ಲ. ಮೊದಲ ಆರು ತಿಂಗಳು ರಸ್ತೆ ದಾಟಲು ಹೆದರಿದೆ. ಸಭೆಯಲ್ಲಿ ‘ಇದು ತಪ್ಪು’ ಎಂದು ಬಿಟ್ಟೆ, ಎದುರಿನವರು ಎರಡು ವಾರ ಮಾತು ಬಿಟ್ಟರು. ಭಾನುವಾರ ಅಂಗಡಿ ಮುಚ್ಚಿ ಊರೇ ಮೌನವಾಗುತ್ತಿದ್ದ ಬೀದಿಗಾಗಿ ಹಂಬಲಿಸಿದೆ. ಅಲ್ಲಿದ್ದಾಗ ಮಲ್ಲೇಶ್ವರದ ಹೂವಿನ ಸಾಲಿಗಾಗಿ ಹಂಬಲಿಸಿದ್ದೆನಲ್ಲ, ಹಾಗೆಯೇ.

ಈಗ ನಮ್ಮ ಮೇಲಿನ ಮಹಡಿಗೆ ಗುವಾಹಟಿಯಿಂದ ಬಂದ ಹುಡುಗನೊಬ್ಬ ಬಾಡಿಗೆಗೆ ಸೇರಿದ್ದಾನೆ. ಯಾರೂ ಕಳಿಸದೆ, ತಾನಾಗಿಯೇ ಕೆಲಸ ಹುಡುಕಿಕೊಂಡು ಬಂದವನು. ಹಸಿ ಕಸ, ಒಣ ಕಸ ಬೆರೆಸಿ ಇಟ್ಟಿದ್ದಕ್ಕೆ ಪೌರಕಾರ್ಮಿಕರು ಎರಡು ದಿನ ಅವನ ಬುಟ್ಟಿಯನ್ನು ಮುಟ್ಟದೆ ಹೋದರು. ಮೂರನೆಯ ದಿನ ನಾನು ಎರಡು ಬುಟ್ಟಿ ಹಿಡಿದು ಮಹಡಿ ಹತ್ತಿ, ಬಾಗಿಲು ತಟ್ಟಿದೆ.